ರಾತ್ರಿ ಅರಳುವ ಗಿಡದ ಎಲೆ ಕಷಾಯ ಕುಡಿಯಬಹುದಾ? ಮೊದಲು ಅದು ಯಾವ ಗಿಡ ಅಂತ ನೋಡಿ

ಸುಂಟಿಕೊಪ್ಪದ ಕಡೆಯ ಓದುಗರೊಬ್ಬರ ಪ್ರಶ್ನೆ: "ಮನೆ ಹಿಂದೆ ರಾತ್ರಿ ಅರಳುವ, ತುಂಬ ಪರಿಮಳದ ಒಂದು ಗಿಡ ಇದೆ. ಇದರ ಎಲೆ ಕಷಾಯ ಕುಡಿದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವು ಹೋಗುತ್ತದೆ ಅಂತ ಮೊಬೈಲಿನಲ್ಲಿ ಬಂದಿತ್ತು. ಅಮ್ಮನಿಗೆ ಮಾಡಿ ಕೊಡಬಹುದಾ?"

ಇದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಎಷ್ಟೋ ಜನ ಕೇಳುತ್ತಾರೆ. ಮೊಬೈಲಿನಲ್ಲಿ ಬಂದದ್ದು ಪಾರಿಜಾತದ ಬಗ್ಗೆ. ನಿಮ್ಮ ಮನೆ ಹಿಂದಿರುವುದು ಪಾರಿಜಾತವೇ ಅಂತ ಹೇಗೆ ಗೊತ್ತು? ಅದು ರಾತ್ರಿ ರಾಣಿಯೂ ಆಗಿರಬಹುದು. ಎರಡೂ ಪೊದೆಯಂತೆ ಬೆಳೆಯುತ್ತವೆ, ಎರಡೂ ಕತ್ತಲಾದ ಮೇಲೆ ಅರಳಿ ಪರಿಮಳ ಬೀರುತ್ತವೆ, ನರ್ಸರಿಯವರು ಎಷ್ಟೋ ಸಲ ಎರಡನ್ನೂ ನೈಟ್ ಜಾಸ್ಮಿನ್ ಅಂತಲೇ ಮಾರುತ್ತಾರೆ. ಆದರೆ ಒಂದು ಹಳೆಯ ಕಾಲದಿಂದ ಬಂದ ಮದ್ದಿನ ಗಿಡ, ಇನ್ನೊಂದು ವಿಷದ ಗಿಡ.

ಗಿಡದ ಹತ್ತಿರ ಹೋಗಿ ಎಲೆಯ ಮೇಲ್ಭಾಗವನ್ನು ಬೆರಳಿನಿಂದ ಸವರಿ ನೋಡಿ. ಪಾರಿಜಾತದ ಎಲೆ ಸ್ಯಾಂಡ್ ಪೇಪರಿನ ಹಾಗೆ ಒರಟು. ಹಿಂದೆ ಮರದ ಸಾಮಾನು ನಯಮಾಡಲು ಈ ಎಲೆಯನ್ನೇ ಬಳಸುತ್ತಿದ್ದರು, ಅಷ್ಟು ಒರಟು. ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಎಳೆ ಕೊಂಬೆ ಹಿಡಿದರೆ ದುಂಡಗಿರುವುದಿಲ್ಲ, ನಾಲ್ಕು ಮೂಲೆ ಕೈಗೆ ಸಿಗುತ್ತದೆ. ರಾತ್ರಿ ರಾಣಿಯ ಎಲೆ ನುಣುಪು, ಸ್ವಲ್ಪ ಹೊಳಪು, ಉದ್ದ, ಕೊಂಬೆಯಲ್ಲಿ ಒಂದಾದ ಮೇಲೊಂದು ಆ ಕಡೆ ಈ ಕಡೆ ಬರುತ್ತದೆ.

ಹೂವಿನ ಕಾಲವಾದರೆ ಅನುಮಾನವೇ ಉಳಿಯುವುದಿಲ್ಲ. ಪಾರಿಜಾತದ್ದು ಬಿಳಿ ಎಸಳು, ಕೇಸರಿ ತೊಟ್ಟು. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಉದುರಿರುತ್ತದೆ. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಇಡಬಾರದು ಅನ್ನುವ ನಮ್ಮ ಹಿರಿಯರು ಇದೊಂದು ಹೂವಿಗೆ ಮಾತ್ರ ಆ ನಿಯಮ ಬಿಟ್ಟುಕೊಟ್ಟಿದ್ದಾರೆ. ರಾತ್ರಿ ರಾಣಿಯ ಹೂ ಸಣ್ಣ ಕೊಳವೆಯಂತೆ, ಹಸಿರು ಮಿಶ್ರಿತ ಬಿಳಿ ಬಣ್ಣ, ಗೊಂಚಲು ಗೊಂಚಲಾಗಿ ಬರುತ್ತದೆ. ಬೆಳಿಗ್ಗೆ ಮುಚ್ಚಿಕೊಂಡು ಗಿಡದಲ್ಲೇ ಇರುತ್ತದೆ, ಮತ್ತೆ ಸಂಜೆ ತೆರೆಯುತ್ತದೆ. ಕಾಯಿಯಲ್ಲೂ ವ್ಯತ್ಯಾಸ ಇದೆ. ಪಾರಿಜಾತದ್ದು ಚಪ್ಪಟೆಯಾಗಿ ಒಣಗುವ ಕಾಯಿ, ಒಳಗೆ ಎರಡು ಬೀಜ. ರಾತ್ರಿ ರಾಣಿಯದ್ದು ಬಿಳಿ ಬಣ್ಣದ ಪುಟ್ಟ ಹಣ್ಣು.

ಪಾರಿಜಾತ ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು, ನಮ್ಮ ದೇಶದ್ದೇ ಗಿಡ. ರಾತ್ರಿ ರಾಣಿ ಬದನೆ, ಟೊಮೆಟೊ, ದತ್ತೂರಿಯ ಕುಟುಂಬದ್ದು. ಅಮೆರಿಕದ ಉಷ್ಣ ಪ್ರದೇಶದಿಂದ, ವೆಸ್ಟ್ ಇಂಡೀಸ್ ಕಡೆಯಿಂದ ಬಂದ ಅಲಂಕಾರದ ಗಿಡ. ಅದರ ಎಲೆ, ಹಣ್ಣು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರಬಹುದು, ಎದೆಬಡಿತ ಏರಬಹುದು. ದನಕರುಗಳಿಗೂ ಅದು ಒಳ್ಳೆಯದಲ್ಲ, ಬೇಲಿಗೆ ನೆಟ್ಟವರು ಹಟ್ಟಿಯ ಹತ್ತಿರ ಇಡಬೇಡಿ. ಕೆಲವರಿಗೆ ಆ ಪರಿಮಳಕ್ಕೇ ತಲೆನೋವು ಬರುತ್ತದೆ, ಮಲಗುವ ಕೋಣೆಯ ಕಿಟಕಿಯ ಪಕ್ಕ ಬೇಡವೇ ಬೇಡ. ಇನ್ನೊಂದು ಗಿಡವನ್ನೂ ಹೇಳಿಬಿಡುತ್ತೇನೆ. ತಂಪಿನ ಜಾಗಗಳಲ್ಲಿ ಬೇಲಿ ಬದಿಗೆ ಉದ್ದನೆಯ ದೊಡ್ಡ ಹೂ ಕೆಳಮುಖವಾಗಿ ತೂಗುವ ಪೊದೆ ಬೆಳೆಯುತ್ತದೆ, ಸಂಜೆಗೆ ಪರಿಮಳ ಜಾಸ್ತಿ, ಹೆಸರು ಬ್ರುಗ್ಮಾನ್ಸಿಯಾ. ಅದು ದತ್ತೂರಿಯ ಹತ್ತಿರದ ನೆಂಟ, ಪೂರ್ತಿ ವಿಷ. ಯಾರು ಏನೇ ಹೇಳಿದರೂ ಅದರ ಎಲೆ ಮುಟ್ಟಿ ಕಷಾಯಕ್ಕೆ ಹಾಕಬೇಡಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾವು ಕೊಡಗಿನವರು ಸೊಪ್ಪು ನಂಬುವವರು. ನಮ್ಮ ಕೊಡವ ಪಂಚಾಂಗದ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ಆಗದ ಮನೆ ಎಷ್ಟಿದೆ ಹೇಳಿ? ಆದರೆ ಆ ಮದ್ದು ಸೊಪ್ಪು ತನ್ನ ಗುರುತನ್ನು ತಾನೇ ಹೇಳುತ್ತದೆ. ಬೇಯಿಸಿದ ಕೂಡಲೇ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಪರಿಮಳ ಮನೆಯಿಡೀ ಹರಡುತ್ತದೆ. ತಪ್ಪು ಸೊಪ್ಪು ತಂದಿದ್ದರೆ ಪಾತ್ರೆಯಲ್ಲೇ ಗೊತ್ತಾಗಿಬಿಡುತ್ತದೆ. ಪಾರಿಜಾತಕ್ಕೆ ಆ ರಕ್ಷಣೆ ಇಲ್ಲ. ಯಾವ ಎಲೆ ಕುದಿಸಿದರೂ ಕಷಾಯ ಸುಮಾರು ಒಂದೇ ಬಣ್ಣ ಬರುತ್ತದೆ, ಕಹಿಯಾಗಿದ್ದರೆ "ಮದ್ದು ಅಂದಮೇಲೆ ಕಹಿ ಇರಬೇಕಲ್ವಾ" ಅಂತ ಕುಡಿದುಬಿಡುತ್ತೇವೆ. ಹಾಗಾಗಿ ಗಿಡದ ಬುಡದಲ್ಲೇ ಖಚಿತ ಮಾಡಿಕೊಳ್ಳಬೇಕು.

ಸರಿ, ಎಲೆ ಒರಟಾಗಿದೆ, ಹೂವಿನ ತೊಟ್ಟು ಕೇಸರಿ, ಗಿಡ ಪಾರಿಜಾತವೇ. ಈಗ ಕಷಾಯದ ವಿಷಯಕ್ಕೆ ಬರೋಣ.

ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ, ಈಗ ಸಯಾಟಿಕಾ ಅನ್ನುತ್ತೇವಲ್ಲ, ಆಯುರ್ವೇದದಲ್ಲಿ ಗೃಧ್ರಸಿ ಅನ್ನುತ್ತಾರೆ. 11ನೇ ಶತಮಾನದ ವೈದ್ಯ ಚಕ್ರಪಾಣಿದತ್ತ ಗೃಧ್ರಸಿಗೆ ಶೇಫಾಲಿಕಾ ಎಲೆಯ ಕಷಾಯ ಹೇಳಿದ್ದಾನೆ. ಶೇಫಾಲಿಕಾ ಅಂದರೆ ಪಾರಿಜಾತ ಅಂತಲೇ ವೈದ್ಯರು ಬಳಸಿಕೊಂಡು ಬಂದಿದ್ದಾರೆ. ಅಲ್ಲಿ ಒಂದು ಮಾತನ್ನು ಅವನು ಸೇರಿಸಿದ್ದಾನೆ, ಸಣ್ಣ ಉರಿಯಲ್ಲಿ ಕಾಯಿಸಬೇಕು ಅಂತ. ಗ್ಯಾಸ್ ಪೂರ್ತಿ ತಿರುಗಿಸಿ ಬಡಬಡ ಕುದಿಸುವವರು ಇದನ್ನು ನೆನಪಿಡಿ. ನೋವಿಗಷ್ಟೇ ಅಲ್ಲ, ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಎಲೆರಸವನ್ನು ಜೇನಿನ ಜೊತೆ, ಹೊಟ್ಟೆಹುಳಕ್ಕೆ ಎಲೆರಸ, ತಲೆಹೊಟ್ಟಿಗೆ ಬೀಜದ ಪುಡಿ, ಹೀಗೆ ದೇಶದ ಬೇರೆ ಬೇರೆ ಕಡೆ ಬಳಕೆ ಇದೆ. ಬಂಗಾಳದಲ್ಲಿ ಇದೇ ಎಲೆಯನ್ನು ಕಹಿ ಅಡುಗೆಯಾಗಿಯೂ ತಿನ್ನುತ್ತಾರೆ. ಅಲ್ಲಿ ಇದು ರಾಜ್ಯದ ಹೂವು, ಹೆಸರು ಶಿಉಲಿ. ನಮ್ಮಲ್ಲಿ ಮಡಿಕೇರಿ ದಸರಾ ಹೊತ್ತಿಗೆ, ಅಲ್ಲಿ ದುರ್ಗಾಪೂಜೆ ಹೊತ್ತಿಗೆ, ಎರಡೂ ಕಡೆ ಹೂವಿನ ಕಾಲ.

ಮನೆಯಲ್ಲಿ ಸಾಮಾನ್ಯವಾಗಿ ಮಾಡುವ ರೀತಿ ಹೀಗಿದೆ. ನಾಲ್ಕೈದು ಬಲಿತ ಎಲೆ ತೊಳೆದು ಹರಿದು, ಎರಡು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಲೋಟಕ್ಕೆ ಇಳಿಸಿ, ಸೋಸಿ ಕುಡಿಯುವುದು. ತುಂಬ ಕಹಿ. ಎಲೆ ಎಲ್ಲಿಂದ ಕಿತ್ತದ್ದು ಅನ್ನುವುದನ್ನೂ ನೋಡಿ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಗಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಅದರಲ್ಲಿ ಮೈಲುತುತ್ತ ಅನ್ನುವ ತಾಮ್ರದ ವಿಷ ಇರುತ್ತದೆ, ಪಕ್ಕದ ಗಿಡಗಳ ಮೇಲೂ ಹಾರಿ ಬೀಳುತ್ತದೆ. ತೋಟದ ಅಂಚಿನ ಗಿಡದ ಎಲೆ ಬೇಡ.

ಇದರಿಂದ ನೋವು ಕಡಿಮೆಯಾಗುತ್ತದಾ? ಎಲೆಯ ಸಾರಕ್ಕೆ ಬಾವು, ನೋವು ತಗ್ಗಿಸುವ ಗುಣ ಇದೆ ಅಂತ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದ್ದಾರೆ. ಅಂದರೆ ಹಿರಿಯರ ಮಾತು ಸುಮ್ನೆ ಹುಟ್ಟಿದ್ದಲ್ಲ. ಅದೇ ರೀತಿಯ ಪ್ರಯೋಗಗಳಲ್ಲಿ ಎಲೆಯ ಸಾರವನ್ನು ದಿನವೂ ಕೊಟ್ಟಾಗ ಇಲಿಗಳ ಹೊಟ್ಟೆಯಲ್ಲಿ ಹುಣ್ಣಾದದ್ದೂ ಕಂಡಿದೆ. ಮೊಬೈಲಿನಲ್ಲಿ ಓಡಾಡುವ ಸಂದೇಶಗಳಲ್ಲಿ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಗ್ಯಾಸ್ಟ್ರಿಕ್ ಇರುವ ಅಮ್ಮನಿಗೆ ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕೊಟ್ಟರೆ ಏನಾಗಬಹುದು ಯೋಚಿಸಿ. ಅವರು ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರೆ ಹೊಟ್ಟೆಗೆ ಎರಡು ಕಡೆಯಿಂದ ಪೆಟ್ಟು.

ಹಾಗಾಗಿ ನನ್ನ ಉತ್ತರ ಹೀಗೆ. ಗಿಡ ಪಾರಿಜಾತವೇ ಆಗಿದ್ದರೂ ನೀವಾಗಿ ಶುರು ಮಾಡಬೇಡಿ. ಆಯುರ್ವೇದ ಓದಿದ ವೈದ್ಯರಿಗೆ ಅಮ್ಮನನ್ನು ತೋರಿಸಿ, ಒಂದು ಕೊಂಬೆಯನ್ನೂ ಜೊತೆಗೆ ಒಯ್ಯಿರಿ, ಎಷ್ಟು ದಿನ ಅಂತ ಅವರು ಹೇಳಲಿ. ಬಿಪಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬಸುರಿಯರಿಗೆ, ಮೊಲೆಯುಣಿಸುವವರಿಗೆ, ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಮಾಡಿ ಕೊಡುವುದು ಬೇಡ.

ಕಾಲು ಮರಗಟ್ಟುತ್ತಿದ್ದರೆ, ನಡೆಯುವಾಗ ಪಾದ ಎತ್ತಲು ಆಗದಿದ್ದರೆ, ಮೂತ್ರ, ಮಲದ ಹಿಡಿತ ತಪ್ಪಿದರೆ ಕಷಾಯದ ಮಾತು ಅಲ್ಲಿಗೆ ಬಿಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ನರ ಒತ್ತಿಕೊಂಡಿರುವ ಲಕ್ಷಣ ಅದು, ತಡವಾದರೆ ಸರಿಯಾಗದೆಯೂ ಹೋಗಬಹುದು.

ಜ್ವರಕ್ಕೂ ಇದೇ ಮಾತು. ಮಳೆಗಾಲದಲ್ಲಿ ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ ಬಂದರೆ ಅದು ಇಲಿಜ್ವರ ಆಗಿರಬಹುದು, ಡೆಂಗಿ ಆಗಿರಬಹುದು. ಪಾರಿಜಾತದ ರಸ ಕುಡಿದು ನೋಡೋಣ ಅಂತ ಮೂರು ನಾಲ್ಕು ದಿನ ಕಳೆಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ನಿಮ್ಮ ಮನೆಯದ್ದು ರಾತ್ರಿ ರಾಣಿ ಅಂತ ಗೊತ್ತಾದರೆ ಕಿತ್ತೆಸೆಯಬೇಕಾಗಿಲ್ಲ, ಮಕ್ಕಳ ಮತ್ತು ದನಗಳ ಬಾಯಿಗೆ ಸಿಗದ ಕಡೆ ಇರಲಿ. ಪಾರಿಜಾತ ಬೇಕು ಅನ್ನುವವರು ಬೀಜದಿಂದಲೂ ಕಡ್ಡಿಯಿಂದಲೂ ಸಸಿ ಮಾಡಬಹುದು. ಒಳ್ಳೆಯ ಬಿಸಿಲು ಬೀಳುವ, ಮಳೆ ನೀರು ನಿಲ್ಲದ ಏರು ಜಾಗದಲ್ಲಿ ನೆಡಿ. ಸಿಲ್ವರ್ ಓಕ್ ನೆರಳಿನಲ್ಲಿ ಗಿಡ ಬದುಕುತ್ತದೆ, ಹೂ ಮಾತ್ರ ಕಡಿಮೆ.