ಕೊಠಾರಿ ಕಮಿಷನ್ ಕೇಳಿದ ನೆರೆಹೊರೆ ಶಾಲೆ ಎಲ್ಲಿ ಹೋಯ್ತು?

ಎಸ್ಸೆಸ್ಸೆಲ್ಸಿ ಆದ್ಮೇಲೆ ಎರಡು ವರ್ಷ ಪಿಯುಸಿ, ಆಮೇಲೆ ಮೂರು ವರ್ಷ ಡಿಗ್ರಿ ಅನ್ನೋ ಲೆಕ್ಕ ನಮಗೆಲ್ಲ ಅಭ್ಯಾಸ ಆಗೋಗಿದೆ, ಆದ್ರೆ ಈ 10+2+3 ದೇಶಕ್ಕೆಲ್ಲ ಒಂದೇ ಥರ ಇರ್ಬೇಕು ಅಂತ ಹೇಳಿದ್ದು 1966ರಲ್ಲಿ ಡಿ.ಎಸ್. ಕೊಠಾರಿಯವರ ಕಮಿಷನ್, ಅಂದ್ರೆ ಕೇಂದ್ರ ಸರ್ಕಾರ ನೇಮಿಸಿದ್ದ ಶಿಕ್ಷಣ ಆಯೋಗ. ಅದೇ ರಿಪೋರ್ಟಲ್ಲಿ ಇನ್ನೊಂದು ಮಾತೂ ಇತ್ತು. ಒಂದು ಏರಿಯಾದ ಮಕ್ಕಳೆಲ್ಲ, ಜಾತಿ ದುಡ್ಡು ಏನೂ ನೋಡದೆ, ಆ ಏರಿಯಾದ ಒಂದೇ ಶಾಲೆಗೆ ಹೋಗ್ಬೇಕು ಅಂತ, ಅದೇ ನೆರೆಹೊರೆ ಶಾಲೆ. ನನ್ನ ಪ್ರಕಾರ ಇಡೀ ರಿಪೋರ್ಟಲ್ಲಿ ದೊಡ್ಡ ಮಾತು ಅಂದ್ರೆ ಅದೇ.

ಸ್ವಲ್ಪ ಹಿಂದಕ್ಕೆ ಹೋದ್ರೆ, 1854ರಲ್ಲಿ ಶಿಕ್ಷಣದ ಬಗ್ಗೆ ಲಂಡನ್ನಿಂದ ಬಂದ ವುಡ್ಸ್ ಡಿಸ್ಪ್ಯಾಚ್ ಅನ್ನೋ ಆದೇಶಪತ್ರ ಆದ್ಮೇಲೆ ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆ, ಖಾಸಗಿ ಶಾಲೆಗೆ ಅನುದಾನ ಎಲ್ಲಾ ಶುರುವಾಯ್ತು, ಆದ್ರೆ ಎಲ್ಲಾ ಮಕ್ಕಳೂ ಓದ್ಲೇಬೇಕು ಅನ್ನೋದು ಅದ್ರಲ್ಲಿ ಇರ್ಲಿಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರು 1906ರಲ್ಲೇ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ರು. ಬ್ರಿಟಿಷ್ ಇಂಡಿಯಾದಲ್ಲೂ ಹಂಗೇ ಆಗ್ಲಿ ಅಂತ ಕಾಂಗ್ರೆಸ್ ನಾಯಕ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಮಸೂದೆ ತಂದ್ರೆ ಮರುವರ್ಷ 13ಕ್ಕೆ 38 ವೋಟಲ್ಲಿ ಬಿದ್ದೋಯ್ತು, ವಿರೋಧ ಮಾಡ್ದೋರಲ್ಲಿ ನಮ್ಮ ಜಮೀನ್ದಾರರೂ ಇದ್ರು, ಅದು ಈಗ್ಲೂ ಬೇಜಾರಾಗೋ ವಿಷಯ.

ಸ್ವಾತಂತ್ರ್ಯ ಬಂತು. ಸಂವಿಧಾನದ 45ನೇ ವಿಧಿ 10 ವರ್ಷದೊಳಗೆ 14 ವಯಸ್ಸಿನವರೆಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡೋಕೆ ಪ್ರಯತ್ನ ಮಾಡ್ಬೇಕು ಅಂತು, ಆದ್ರೆ ಅದು ಬರೀ ನಿರ್ದೇಶಕ ತತ್ವ, ಸರ್ಕಾರ ಮಾಡ್ಲಿಲ್ಲ ಅಂದ್ರೆ ಕೋರ್ಟಿಗೆ ಹೋಗೋ ಹಾಗಿಲ್ಲ. ಗಡುವು ಮುಗ್ದೋಯ್ತು, ಆಗ ಬಂದಿದ್ದೇ ಕೊಠಾರಿ ಕಮಿಷನ್.

ಮುಂದೆ ಏನಾಯ್ತು ನೋಡಿ. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಾನ ಶಾಲಾ ವ್ಯವಸ್ಥೆ, ಅಂದ್ರೆ ಎಲ್ಲಾ ಮಕ್ಕಳಿಗೂ ಒಂದೇ ಥರದ ಶಾಲೆ, ಕಡೆ ಹೋಗ್ಬೇಕು ಅಂತ ಬರ್ಕೊಂಡಿತು, 1986ರ ನೀತಿನೂ ಅದನ್ನೇ ಬರ್ಕೊಂಡಿತು, ಆದ್ರೆ ಕೇಂದ್ರ ನೌಕರರ ಮಕ್ಕಳಿಗೆ ಅಂತ 1963ರಿಂದಲೇ ಕೇಂದ್ರೀಯ ವಿದ್ಯಾಲಯ ಇತ್ತು, 86ರಲ್ಲಿ ಪ್ರತಿಭಾವಂತರಿಗೆ ಅಂತ ನವೋದಯ ಬಂತು, ಉಳಿದೋರಿಗೆ ರಾಜ್ಯದ ಸರ್ಕಾರಿ ಶಾಲೆ, ದುಡ್ಡಿರೋರಿಗೆ ಖಾಸಗಿ. 10+2 ತರೋಕೆ ಕ್ಲಾಸು, ಸಿಲಬಸ್ಸು, ಬೋರ್ಡು ಬದಲಾಯಿಸಿದ್ರೆ ಸಾಕಿತ್ತು. ನೆರೆಹೊರೆ ಶಾಲೆಗೆ ಅಧಿಕಾರಿಗಳು, ಡಾಕ್ಟ್ರು, ಎಂಎಲ್ಎಗಳು ತಮ್ಮ ಮಕ್ಕಳನ್ನೂ ಅಲ್ಲಿಗೇ ಕಳಿಸ್ಬೇಕಿತ್ತು. ಅದಕ್ಕೇ ಅದು ಆಗ್ಲಿಲ್ಲ.

1976ರ 42ನೇ ತಿದ್ದುಪಡಿ ಶಿಕ್ಷಣವನ್ನ ಸಮವರ್ತಿ ಪಟ್ಟಿಗೆ ಹಾಕ್ತು, ಅಂದ್ರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡ್ಬಹುದು. 2002ರ ತಿದ್ದುಪಡಿಯಿಂದ ಅದು ಮೂಲಭೂತ ಹಕ್ಕು ಆಯ್ತು, 2010 ಏಪ್ರಿಲಿಂದ ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು, ಖಾಸಗಿ ಶಾಲೇಲಿ 25% ಸೀಟು ಬಡ ಮಕ್ಕಳಿಗೆ ಅಂತ. ಒಂದೇ ಬೆಂಚಲ್ಲಿ ಎಲ್ಲರೂ ಕೂರೋ ಕಡೆ ಅದೊಂದು ಸಣ್ಣ ಹೆಜ್ಜೆ. ಆದ್ರೆ ಕರ್ನಾಟಕ 2018ರ ಕೊನೆಗೆ ನಿಯಮ ಬದಲಾಯಿಸ್ತು, ಹತ್ರದಲ್ಲಿ ಸರ್ಕಾರಿ ಇಲ್ಲಾ ಅನುದಾನಿತ ಶಾಲೆ ಇದ್ರೆ ಖಾಸಗಿಯಲ್ಲಿ ಸೀಟಿಲ್ಲ ಅಂತ, ಊರುಗಳಲ್ಲಿ ಆ ಸೀಟುಗಳು ಹೆಚ್ಚುಕಮ್ಮಿ ಖಾಲಿಯಾದ್ವು. ಸರ್ಕಾರಿ ಶಾಲೆ ಉಳೀಬೇಕು ಅನ್ನೋದು ಸರಿನೇ, ನಾನೂ ಒಪ್ತೀನಿ. ಆದ್ರೆ ಹತ್ರದ ಶಾಲೆಗೇ ಹೋಗು ಅಂತ ಕೊಠಾರಿ ಎಲ್ಲರಿಗೂ ಹೇಳಿದ್ದು, ನಾವು ಬಡವರ ಮಕ್ಕಳಿಗೆ ಮಾತ್ರ ಹೇಳ್ತಿದ್ದೀವಿ.