ಆ್ಯಡಿ ಮಾದರಿ: ಗುರಿ ಬರೆಯುವ ಹಂತವನ್ನು ಬಿಡಿಸಿ ನೋಡಿದ್ದು

ಕೆಲಸಗಾರರಿಗೆ ತರಬೇತಿ ರೂಪಿಸಲು ಕಲಿಯುವವರಿಗೆ ಮೊದಲು ಎದುರಾಗುವುದೇ ‘ಆ್ಯಡಿ’. ಅನಾಲಿಸಿಸ್ (ತೊಂದರೆ ಬಿಡಿಸಿ ನೋಡುವುದು), ಡಿಸೈನ್ (ರೂಪುರೇಷೆ), ಡೆವಲಪ್‌ಮೆಂಟ್ (ಪಾಠ ತಯಾರಿ), ಇಂಪ್ಲಿಮೆಂಟೇಶನ್ (ನಡೆಸುವುದು), ಇವ್ಯಾಲ್ಯುಯೇಶನ್ (ಫಲ ಅಳೆಯುವುದು) ಎಂಬ ಐದು ಹಂತ; ಇವುಗಳ ಇಂಗ್ಲಿಷ್ ಮೊದಲಕ್ಷರ ಸೇರಿಯೇ ‘ಆ್ಯಡಿ’ (ADDIE). 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಅಮೆರಿಕದ ಸೇನೆಗಾಗಿ ಮಾಡಿದ ಕೆಲಸ ಇದರ ಮೂಲ.

ಉದಾಹರಣೆ ನಮ್ಮ ಕಲಬುರಗಿಯದೇ ಇರಲಿ. ಒಂದು ದಾಲ್ ಮಿಲ್. ಬಂದ ತೊಗರಿಯ ತೇವಾಂಶ ನೋಡುವುದನ್ನು ಹೊಸ ಹುಡುಗರಿಗೆ ಕಲಿಸಬೇಕು. ಹಸಿ ಕಾಳಿನ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಗೋದಾಮಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ.

ಅನಾಲಿಸಿಸ್‌ನಲ್ಲಿ ಕೇಳಬೇಕಾದ್ದು ಒಂದೇ: ಇದು ಕಲಿಸಿದರೆ ಸರಿಹೋಗುವ ತೊಂದರೆಯಾ? ತೇವಾಂಶ ಅಳೆಯುವ ಮೀಟರ್ ಕೆಟ್ಟಿದ್ದರೆ, ಇಲ್ಲವೇ ಲಾರಿ ಬೇಗ ಖಾಲಿ ಮಾಡುವ ಅವಸರದಲ್ಲಿ ಪರೀಕ್ಷೆ ಬಿಟ್ಟುಹೋಗುತ್ತಿದ್ದರೆ ತರಬೇತಿಯಿಂದ ಏನೂ ಆಗದು.

ಡಿಸೈನ್‌ನಲ್ಲಿ ಗುರಿ ಬರೆಯಬೇಕು. ತೊಡಕು ಇಲ್ಲೇ ಇದೆ. ‘ಹುಡುಗರು ತೇವಾಂಶದ ಮಹತ್ವ ತಿಳಿದುಕೊಳ್ಳುವರು’ ಎಂದರೆ ಓದಲು ಚಂದ. ಆದರೆ ತಿಳಿದದ್ದು ಕಣ್ಣಿಗೆ ಕಾಣಲ್ಲ, ಅಲ್ವಾ? ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ 1962ರಲ್ಲೇ ಗುರಿಗೆ ಮೂರು ಭಾಗ ಇರಬೇಕು ಎಂದಿದ್ದರು: ಏನು ಮಾಡಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಸರಿಯಾಗಿ (ಅಂದರೆ ಮಟ್ಟ).

ಮೊದಲನೆಯದು ಸುಲಭ. ಸ್ಥಿತಿ ಮತ್ತು ಮಟ್ಟ ಒಂದರೊಳಗೊಂದು ಕಲಸಿಹೋಗುತ್ತವೆ, ಏಕೆಂದರೆ ಎರಡರಲ್ಲೂ ಅಂಕಿ ಬರುತ್ತದೆ. ಈ ವಾಕ್ಯ ನೋಡಿ: ‘10 ಚೀಲ ತೊಗರಿ ಮತ್ತು ಮೀಟರ್ ಕೊಟ್ಟಾಗ, ಪ್ರತಿ ಚೀಲದಿಂದ ಕಾಳು ತೆಗೆದು, ಬೆರೆಸಿ, ತೇವಾಂಶ ಅಳೆಯಬೇಕು. ಬಂದ ಅಂಕಿ ಮೇಲ್ವಿಚಾರಕರು ಅಳೆದದ್ದಕ್ಕಿಂತ ಅರ್ಧ ಶೇಕಡಾಕ್ಕಿಂತ ಜಾಸ್ತಿ ಆಚೀಚೆ ಆಗಬಾರದು.’ ಕೆಲಸ ಶುರುವಾಗುವ ಮೊದಲೇ ಹುಡುಗನ ಮುಂದೆ ಇರುವುದೆಲ್ಲ ಸ್ಥಿತಿ. 10 ಚೀಲ ಅಲ್ಲಿ ಸೇರುತ್ತದೆ. ಮುಗಿದ ಮೇಲೆ ನಾವು ತಾಳೆ ನೋಡುವುದು ಮಟ್ಟ. ಅರ್ಧ ಶೇಕಡಾ ಇಲ್ಲಿಗೆ. ‘20 ನಿಮಿಷದೊಳಗೆ’ ಎಂದು ಸೇರಿಸಿದರೆ ಅದೂ ಮಟ್ಟವೇ, ಮುಗಿದಾಗ ಗಡಿಯಾರ ನೋಡುತ್ತೇವಲ್ಲ. ಇನ್ನು ‘ತರಬೇತಿ ಮುಗಿದ ಮೇಲೆ’ ಎಂಬುದು ಸ್ಥಿತಿಯೇ ಅಲ್ಲ. ಅದು ಸುಮ್ನೆ ಜಾಗ ತುಂಬುತ್ತದೆ, ತೆಗೆದುಬಿಡಿ.

ನನಗೆ ತುಂಬ ಇಷ್ಟವಾದ ದಾರಿ: ಗುರಿ ಬರೆದ ಕೂಡಲೇ ಪರೀಕ್ಷೆ ಬರೆಯಿರಿ, ಸ್ಲೈಡ್ ಆಮೇಲೆ. ಪರೀಕ್ಷೆ ಬರೆಯಲು ಆಗದಿದ್ದರೆ ಗುರಿ ಇನ್ನೂ ಮಸುಕಾಗಿದೆ ಎಂದರ್ಥ. ಮೇಲಿನ ಗುರಿಗೆ ಪರೀಕ್ಷೆ ತಾನೇ ಸಿಗುತ್ತದೆ: 10 ಚೀಲ ಇಡಿ, ಮೀಟರ್ ಕೊಡಿ, ನೋಡಿ. ಬರವಣಿಗೆ ಪರೀಕ್ಷೆ ಬೇಕೇ ಇಲ್ಲ.

ಡೆವಲಪ್‌ಮೆಂಟ್‌ನಲ್ಲಿ ಆ ಪರೀಕ್ಷೆಗೆ ಬೇಕಾದಷ್ಟೇ ಪಾಠ ಮಾಡಿ, ಇಬ್ಬರು ಹುಡುಗರ ಮೇಲೆ ಪ್ರಯೋಗಿಸಿ. ಇಂಪ್ಲಿಮೆಂಟೇಶನ್ ಎಂದರೆ ನಡೆಸುವುದು. ಮಾಲು ಇಳಿಸುವ ಹೊತ್ತು ಬಿಟ್ಟು ಸಮಯ ಇಡಿ.

ಇವ್ಯಾಲ್ಯುಯೇಶನ್‌ಗೆ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಕೊಟ್ಟ ನಾಲ್ಕು ಮೆಟ್ಟಿಲು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಮಿಲ್‌ಗೆ ಲಾಭವಾಯಿತಾ. ನಾಲ್ಕನೆಯದರಲ್ಲಿ ಹುಷಾರು. ಜನವರಿಯ ಹೊಸ ಮಾಲಿಗಿಂತ ಏಪ್ರಿಲ್ ಮಾಲು ಹೇಗೂ ಒಣಗಿರುತ್ತದೆ. ಆ ಎರಡನ್ನು ಹೋಲಿಸಿದರೆ ಬಿಸಿಲು ಮಾಡಿದ ಕೆಲಸ ತರಬೇತಿಯ ಲೆಕ್ಕಕ್ಕೆ ಸೇರುತ್ತದೆ. ಈ ಜನವರಿಯ ರಿಜಿಸ್ಟರ್ ಪಕ್ಕ ಹೋದ ಜನವರಿಯದ್ದನ್ನೇ ಇಡಿ.