ಕೆಳಗೆ ಇಳಿಯದ ಕಣ್ಣು

ಊಟಕ್ಕೆ ಕೂತವರಿಗೆ ತಟ್ಟೆಯ ಕಡೆ ನೋಡಲು ಆಗುತ್ತಿಲ್ಲ. ದೃಷ್ಟಿ ಇದೆ, ಆದರೆ ಕಣ್ಣು ಕೆಳಗೆ ಇಳಿಯುವುದಿಲ್ಲ. ಸಾರು ಅಂಗಿಯ ಮೇಲೆ ಚೆಲ್ಲುತ್ತದೆ, ಮೆಟ್ಟಿಲ ಮೇಲೆ ಕಾಲು ತಪ್ಪುತ್ತದೆ. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ನಾಗುತ್ತಾರೆ. ಆಮೇಲೆ ನಡಿಗೆ ನಿಧಾನವಾಗಿ ಮೈ ಬಿಗಿಯಾದರೆ, ಪಾರ್ಕಿನ್ಸನ್ ಇರಬೇಕು ಅನ್ನುವ ಮಾತು ಬರುತ್ತದೆ. ಕೆಲವರಿಗೆ ಇರುವುದು ಬೇರೆಯೇ ಕಾಯಿಲೆ: ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಚಿಕ್ಕದಾಗಿ ಪಿಎಸ್‌ಪಿ.

1955ರಲ್ಲಿ ಕೆನಡಾದ ಟೊರಾಂಟೊದಲ್ಲಿ ನರರೋಗ ತಜ್ಞ ಕ್ಲಿಫರ್ಡ್ ರಿಚರ್ಡ್‌ಸನ್ ಬಳಿ ಅವರ ಗೆಳೆಯರೊಬ್ಬರು ಬಂದರು. ನೋಡಲು ತೊಂದರೆ, ಕೈಕಾಲು ಹತೋಟಿಗೆ ಸಿಗುತ್ತಿಲ್ಲ, ಸ್ವಲ್ಪ ಮರೆವು. ಗೊತ್ತಿದ್ದ ಯಾವ ಕಾಯಿಲೆಗೂ ತಾಳೆಯಾಗಲಿಲ್ಲ. ಮುಂದೆ ಇಂಥವರೇ ಇನ್ನಷ್ಟು ಮಂದಿ ಸಿಕ್ಕರು. ಜಾನ್ ಸ್ಟೀಲ್ ಮತ್ತು ಯೆರ್ಜಿ ಒಲ್ಶೆವ್‌ಸ್ಕಿ ಜೊತೆ ಸೇರಿ ರಿಚರ್ಡ್‌ಸನ್ 1964ರಲ್ಲಿ 9 ರೋಗಿಗಳ ವಿವರ ಪ್ರಕಟಿಸಿದರು.

ಹೆಸರು ನಾಲಿಗೆಗೆ ಕಷ್ಟ, ಆದರೆ ಕಾಯಿಲೆಯ ಗುಟ್ಟು ಅದರಲ್ಲೇ ಇದೆ. ‘ಕೆಳಗೆ ನೋಡಿ’ ಅಂದರೆ ರೋಗಿಗೆ ಆಗುವುದಿಲ್ಲ. ಎದುರಿನ ಒಂದು ಚುಕ್ಕೆ ನೋಡುತ್ತಿರಲು ಹೇಳಿ, ಡಾಕ್ಟರು ತಲೆ ಹಿಡಿದು ಮೆಲ್ಲಗೆ ಹಿಂದಕ್ಕೆ ಬಾಗಿಸಿದರೆ ಅದೇ ಕಣ್ಣುಗುಡ್ಡೆ ಸಲೀಸಾಗಿ ಕೆಳಗೆ ಜಾರುತ್ತದೆ! ಅಂದರೆ ಕಣ್ಣಿನ ಸ್ನಾಯು, ಅದನ್ನು ಆಡಿಸುವ ನರಕೇಂದ್ರ ಎರಡೂ ಸರಿಯಿವೆ. ಅದರ ಮೇಲಿನಿಂದ ಬರಬೇಕಾದ ಅಪ್ಪಣೆ ಬರುತ್ತಿಲ್ಲ. ‘ಸುಪ್ರಾ’ ಅಂದರೆ ಮೇಲೆ ಎಂದೇ ಅಲ್ವಾ?

ಇದು ಅಪರೂಪ. ಲಕ್ಷ ಜನರಲ್ಲಿ ಸುಮಾರು 5ರಿಂದ 7 ಮಂದಿಗೆ ಮಾತ್ರ. ಮಿದುಳಿನ ಜೀವಕೋಶಗಳಲ್ಲಿ ಟಾವ್ ಎಂಬ ಪ್ರೋಟೀನ್ ಗಂಟುಕಟ್ಟಿ ಅವನ್ನು ಕೊಲ್ಲುತ್ತಾ ಹೋಗುತ್ತದೆ. ಪಾರ್ಕಿನ್ಸನ್‌ನಲ್ಲಿ ಗಂಟುಕಟ್ಟುವ ಪ್ರೋಟೀನೇ ಬೇರೆ. ಅಲ್ಲಿ ಕೆಲಸ ಮಾಡುವ ಲೆವೊಡೋಪಾ ಮಾತ್ರೆ ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ನಾಟಿದರೂ ಬಹಳ ದಿನ ನಿಲ್ಲುವುದಿಲ್ಲ. ಕೈ ನಡುಕ ಕಡಿಮೆ. ಬೀಳುವುದು ಮಾತ್ರ ಬೇಗ ಶುರು, ಅದೂ ಹಿಮ್ಮುಖವಾಗಿ. ನನ್ನ ಮಟ್ಟಿಗೆ ಮನೆಯವರು ಡಾಕ್ಟರಿಗೆ ಹೇಳಲೇಬೇಕಾದ ಸುಳಿವು ಇದೇ. ಎಂಆರ್‌ಐನಲ್ಲಿ ನಡುಮಿದುಳು ಸವೆದು ಹಮ್ಮಿಂಗ್‌ಬರ್ಡ್‌ ಹಕ್ಕಿಯ ಹಾಗೆ ಕಾಣಬಹುದು, ಆದರೆ ಶುರುವಿನಲ್ಲಿ ಅದು ಎಲ್ಲರಲ್ಲೂ ಕಾಣುವುದಿಲ್ಲ.

ಹೀಗಾಗಿ ಹೆಸರಾಂತರಿಗೂ ಸರಿಯಾದ ಉತ್ತರ ತಡವಾಗಿಯೇ ಸಿಕ್ಕಿದೆ. ತನಗೆ ಪಾರ್ಕಿನ್ಸನ್ ಎಂದು 2013ರಲ್ಲಿ ಹೇಳಿದ್ದ ಅಮೆರಿಕದ ಗಾಯಕಿ ಲಿಂಡಾ ರಾನ್‌ಸ್ಟಾಟ್, ಅದು ಪಿಎಸ್‌ಪಿ ಎಂದು ತಿಳಿಸಿದ್ದು 2019ರಲ್ಲಿ.

ಇದನ್ನು ತಡೆಯುವ ಔಷಧಿ ಇನ್ನೂ ಇಲ್ಲ. ದಿನ ಕಳೆದಂತೆ ನುಂಗುವುದೂ ಕಷ್ಟವಾಗುತ್ತದೆ. ಆಗ ಹಲವರಿಗೆ ತೆಳು ನೀರಿಗಿಂತ ಗಟ್ಟಿ ಗಂಜಿಯೇ ಸಲೀಸು.